ವೈಟೆಮಾಟಾ ಕೊಲ್ಲಿಯ ಜೋಡುದೋಣಿ

ಕಳೆದ ಡಿಸೆಂಬರು ತಿಂಗಳಿನಲ್ಲಿ ನಾವು ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ನಗರದಲ್ಲಿ ಆರು ವಾರಗಳ ಕಾಲ ತಂಗಿದ್ದೆವು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮಲ್ಲಿ ರಘುವಂಶದ ಸರ್ಗಗಳನ್ನು ಓದಿದ ಶಿಷ್ಯನೊಬ್ಬನು ಈಗ ಅಲ್ಲಿ ಸಂಸಾರವಂದಿಗನಾಗಿ ನೆಲಸಿರುವನು. ಆತನ ಹುಟ್ಟೂರು ಕುಂದಾಪುರದ ಕಡೆಯ ಕಡಲಂಚಿನದು. ಎಲ್ಲಿಗೆ ಹೋದರೂ ಕಡಲಿನ ಹುಚ್ಚು ಅವನನ್ನು ಬಿಡಲಿಲ್ಲ. ಆತನು ಹಳೆಯದೊಂದು ಜೋಡುದೋಣಿಯನ್ನು ಕೊಂಡು, ಎರಡು ವರ್ಷಗಳ ರಜಾದಿನಗಳನ್ನೆಲ್ಲ ಅದರ ದುರಸ್ತಿಗಾಗಿ ಧಾರೆಯೆರೆದಿದ್ದನು. ನಾವು ಹೋದಾಗ ಆ ದೋಣಿಗೆ ಎಂತಹ ಎಂಜಿನು ಬೇಕೆಂಬ ವಿಷಯದಲ್ಲಿ ಗಂಡಹೆಂಡಿರ ನಡುವೆ ದೊಡ್ಡ ವಾದವೇ ನಡೆದಿತ್ತು.

ದೋಣಿಯ ಎಂಜಿನಿನ ಮಾತು ಮನೆವಾರ್ತೆಯ ವಾಚಕರಿಗೆ ಏತಕ್ಕೆಂದು ಕೆಲವರು ಕೇಳಬಹುದು. ಒಂದು ಕುಟುಂಬವು ತನ್ನ ಉಳಿತಾಯದ ಹಣವನ್ನೂ ಮಗುವಿನ ಕ್ಷೇಮವನ್ನೂ ಒಂದೇ ವಸ್ತುವಿನ ಮೇಲೆ ಇಡಬೇಕಾಗಿ ಬಂದಾಗ, ಅದನ್ನು ಆರಿಸುವ ಬಗೆ ಯಾವುದೆಂಬುದು ಎಲ್ಲ ಗೃಹಸ್ಥರಿಗೂ ಸಂಬಂಧಿಸಿದ ಪ್ರಶ್ನೆಯೇ ಆಗಿರುವುದು. ಆದುದರಿಂದ ನಾವು ಕಂಡುದನ್ನು ಇಲ್ಲಿ ಬರೆಯಲು ಮನಸ್ಸು ಮಾಡಿದೆವು.

ಮೊದಲು ಊರಿನ ವಿಚಾರ. ಆಕ್ಲೆಂಡ್ ನಗರವು ಎರಡು ಕಡಲುಗಳ ನಡುವಣ ಕಿರಿದಾದ ನೆಲದ ಮೇಲೆ ಹರಡಿಕೊಂಡಿದೆ. ಪೂರ್ವದ ಕಡೆಯ ಬಂದರಿಗೆ ವೈಟೆಮಾಟಾ ಎಂದು ಹೆಸರು. ಅದರ ಮೇಲೆ ೧೯೫೯ರಲ್ಲಿ ಸಂಚಾರಕ್ಕೆ ತೆರೆದ ದೊಡ್ಡ ಉಕ್ಕಿನ ಸೇತುವೆಯಿದೆ. ಸೇತುವೆಯ ಮಗ್ಗುಲಲ್ಲಿರುವ ವೆಸ್ಟ್‌ಹೇವನ್ ಎಂಬ ದೋಣಿನೆಲೆಯಲ್ಲಿ ಹಾಯಿಮರಗಳು ಅಡಿಕೆಯ ತೋಟದಂತೆ ಸಾಲುಸಾಲಾಗಿ ನಿಂತಿರುವುವು. ನಗರದ ಸುತ್ತಮುತ್ತ ಸುಮಾರು ಐವತ್ತು ಸಣ್ಣ ಜ್ವಾಲಾಮುಖಿಗಳ ಗುರುತುಗಳುಂಟು. ಅವುಗಳಲ್ಲಿ ಎಲ್ಲಕ್ಕಿಂತ ಕಿರಿಯದೂ ದೊಡ್ಡದೂ ಆದ ರಂಗಿಟೋಟೋ ಎಂಬುದು ಸುಮಾರು ಆರುನೂರು ವರ್ಷಗಳ ಹಿಂದೆ ಕಡಲಿನಿಂದ ಎದ್ದು ದ್ವೀಪವಾಗಿ ನಿಂತಿತು. ಅದರ ಎತ್ತರವು ಸುಮಾರು ೨೬೦ ಮೀಟರು. ಯಾವ ದಿಕ್ಕಿನಿಂದ ನೋಡಿದರೂ ಒಂದೇ ಆಕಾರವಾಗಿ ತೋರುವ ಈ ಕಪ್ಪು ಬೆಟ್ಟವು ಬಂದರಿನ ಬಾಗಿಲಲ್ಲಿ ದ್ವಾರಪಾಲಕನಂತೆ ಕುಳಿತಿದೆ. ನಾವು ಹೋದ ತಿಂಗಳಿನಲ್ಲಿ ತೀರದ ಪೊಹುಟುಕಾವ ಮರಗಳು ಕೆಂಪು ಹೂಗಳಿಂದ ಮುತ್ತುಗದ ವನದಂತೆ ಹೊಳೆಯುತ್ತಿದ್ದುವು. ಅಲ್ಲಿ ಡಿಸೆಂಬರು ಬೇಸಗೆ. ನಡುಹಗಲಿನ ಸೂರ್ಯನು ಉತ್ತರಕ್ಕೆ ನಿಲ್ಲುವನು. ಸಂಧ್ಯಾವಂದನೆಗೆ ದಿಕ್ಕು ತಿಳಿಯಲು ನಮಗೆ ಮೂರು ದಿನಗಳು ಬೇಕಾದುವು.

ಇನ್ನು ಜೋಡುದೋಣಿ. ಇಂಗ್ಲಿಷರು ಇದನ್ನು ಕ್ಯಾಟಮರಾನ್ ಎನ್ನುವರು. ಈ ಶಬ್ದವು ನಮ್ಮ ನೆರೆಯ ತಮಿಳಿನದು. ಕಟ್ಟು, ಮರಂ, ಎಂದರೆ ಕಟ್ಟಿದ ಮರ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಚೋಳಮಂಡಲದ ತೀರದಲ್ಲಿ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಯುವುದನ್ನು ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು ಕಂಡು, ೧೬೯೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬರೆದನು. ಆದರೆ ಹೆಸರು ನಮ್ಮದಾದರೂ ಎರಡು ಒಡಲುಗಳ ರೂಪವು ಪೆಸಿಫಿಕ್ ಮಹಾಸಾಗರದ ದ್ವೀಪವಾಸಿಗಳದು. ಅವರು ಎರಡು ಉದ್ದನೆಯ ದೋಣಿಗಳನ್ನು ಅಡ್ಡತೊಲೆಗಳಿಂದ ಕೂಡಿಸಿ, ನಕ್ಷತ್ರಗಳನ್ನೂ ಅಲೆಗಳ ಓಟವನ್ನೂ ನೋಡುತ್ತ ಸಾವಿರಾರು ಮೈಲಿಗಳನ್ನು ದಾಟಿದರು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಪೂರ್ವಿಕರು ಬಂದುದು ಇಂತಹ ದೋಣಿಗಳಲ್ಲಿಯೇ. ೧೯೭೬ರಲ್ಲಿ ಹೊಕುಲೆಯ ಎಂಬ ಜೋಡುದೋಣಿಯು ಹವಾಯಿಯಿಂದ ಟಹೀಟಿಗೆ ಯಂತ್ರವೂ ದಿಕ್ಸೂಚಿಯೂ ಇಲ್ಲದೆ ಹೋಗಿ, ಆ ವಿದ್ಯೆಯು ಕಟ್ಟುಕಥೆಯಲ್ಲವೆಂದು ತೋರಿಸಿತು. ಅದು ೧೯೮೫ರಲ್ಲಿ ನ್ಯೂಜಿಲೆಂಡಿಗೂ ಬಂದಿತು. ಬಳಿಕ ಮಾವೊರಿ ಶಿಲ್ಪಿಯಾದ ಹೆಕೆನುಕುಮಾಯ್ ಬಸ್ಬಿಯವರು ಟೆ ಔರೆರೆ ಎಂಬ ದೋಣಿಯನ್ನು ಕಟ್ಟಿ, ೧೯೯೨ರಲ್ಲಿ ಅದನ್ನು ರಾರೊಟೊಂಗಾ ದ್ವೀಪಕ್ಕೆ ಕಳುಹಿಸಿದರು. ನಮ್ಮ ಶಿಷ್ಯನು ಈ ಕಥೆಗಳನ್ನೆಲ್ಲ ಪುರಾಣದಂತೆ ಬಲ್ಲನು.

ಶಿಷ್ಯನ ದೋಣಿಯು ಪದರಹಲಗೆಯಿಂದ ಕಟ್ಟಿದುದು; ೩೮ ಅಡಿ ಉದ್ದ. ಸಾಮಾನು ತುಂಬಿದಾಗ ತೂಕವು ಸುಮಾರು ನಾಲ್ಕು ಟನ್ನು. ಎರಡು ತೆಳುವಾದ ಒಡಲುಗಳ ನಡುವೆ ತೆರೆದ ಹಲಗೆಯ ಜಗುಲಿ. ಒಂದೊಂದು ಒಡಲಿನೊಳಗೂ ಮಲಗಲು ಸ್ಥಳ. ಒಂದರಲ್ಲಿ ಅಡುಗೆಯ ಒಲೆಯೂ ಉಂಟು. ಅದು ಅಲೆಯ ಮೇಲೆ ಒಂದು ಪಕ್ಕಕ್ಕೆ ವಾಲುವುದಿಲ್ಲವಾದುದರಿಂದ ನಮ್ಮಂತಹ ವಯಸ್ಸಾದವರೂ ಕಾಫಿಯ ಲೋಟವನ್ನು ನೆಮ್ಮದಿಯಾಗಿ ಕೆಳಗಿಡಬಹುದು. ಹಿಂಬದಿಯ ಅಡ್ಡತೊಲೆಯ ನಡುವೆ ನಲವತ್ತು ಅಶ್ವಶಕ್ತಿಯ ಹಳೆಯ ಹೊರ ಎಂಜಿನು ಒಂದು ತೂಗಾಡುತ್ತಿದ್ದಿತು. ಔಟ್‌ಬೋರ್ಡ್ ಎಂದು ಕರೆಯುವ ಈ ಎಂಜಿನು ದೋಣಿಯ ಹೊರಗೆ ತೂಗುಹಾಕಿಕೊಂಡು, ಉದ್ದನೆಯ ಕಾಲನ್ನು ನೀರಿಗಿಳಿಸಿ, ಅದರ ತುದಿಯ ರೆಕ್ಕೆಚಕ್ರದಿಂದ ದೋಣಿಯನ್ನು ನೂಕುವುದು. ಅಮೆರಿಕೆಯಲ್ಲಿ ನೆಲಸಿದ ಓಲೆ ಎವಿನ್‌ರೂಡ್ ಎಂಬ ನಾರ್ವೆ ದೇಶೀಯನು ೧೯೦೯ರಲ್ಲಿ ಇಂತಹ ಎಂಜಿನುಗಳ ವ್ಯಾಪಾರವನ್ನು ಆರಂಭಿಸಿದನು. ಬೇಸಗೆಯ ದಿನ ತನ್ನ ಪ್ರಿಯೆಗಾಗಿ ಸರೋವರದಾಚೆಯಿಂದ ಐಸ್‌ಕ್ರೀಮು ತರಲು ಹುಟ್ಟು ಹಾಕಿ, ಹಿಂದಿರುಗುವಷ್ಟರಲ್ಲಿ ಅದು ಕರಗಿಹೋದುದೇ ಈ ಸಾಹಸಕ್ಕೆ ಪ್ರೇರಣೆಯೆಂದು ಹೇಳುವರು.

ನಾವು ಬಂದ ಎರಡನೆಯ ವಾರದಲ್ಲಿ ವೈಹೆಕೆ ಎಂಬ ದ್ವೀಪಕ್ಕೆ ಹೊರಟೆವು. ಶಿಷ್ಯ, ಆತನ ಪತ್ನಿ, ಎಂಟು ವರ್ಷದ ಮಗಳು, ನಾವು, ಹೀಗೆ ನಾಲ್ಕು ಜನ. ಗಾಳಿಯು ಬೆನ್ನಿನಿಂದ ಬೀಸುತ್ತಿದ್ದಿತು. ಎಂಜಿನನ್ನು ಮೇಲೆತ್ತಿ ಹಾಯಿ ಬಿಚ್ಚಿದೊಡನೆ ದೋಣಿಯು ಹಂಸದಂತೆ ಸರಿಯಿತು. ಸಾಯಂಕಾಲ ಒನೆರೋವಾ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿ, ಹಲಗೆಯ ಮೇಲೆ ಚಿತ್ರಾನ್ನವನ್ನು ಉಂಡೆವು. ರಾತ್ರಿ ಅಗಸ್ತ್ಯ ನಕ್ಷತ್ರವು ನಮ್ಮೂರಿನಲ್ಲಿ ಎಂದೂ ಕಾಣದಷ್ಟು ಎತ್ತರದಲ್ಲಿ ಹೊಳೆಯುತ್ತಿದ್ದಿತು. ಸಮುದ್ರವನ್ನೇ ಕುಡಿದ ಋಷಿಯ ಕಥೆಯನ್ನು ಮಗುವಿಗೆ ಹೇಳಿ ಮಲಗಿಸಿದೆವು.

ಮರುದಿನ ಹಿಂದಿರುಗುವಾಗ ಗಾಳಿಯು ನೈರುತ್ಯದಿಂದ ಮುಖಕ್ಕೆ ಎದುರಾಗಿ ಬೀಸಿತು. ಉಬ್ಬರದ ನೀರು ಬಂದರಿನೊಳಕ್ಕೆ ನುಗ್ಗುತ್ತಿದ್ದಿತು. ಗಾಳಿಯೂ ನೀರೂ ಒಂದಕ್ಕೊಂದು ಎದುರಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುವುವು. ಆಫೀಸಿನ ಕೆಲಸಕ್ಕೆ ಹೊತ್ತಾಗುವುದೆಂದು ಶಿಷ್ಯನು ಹಾಯಿಗಳನ್ನು ಇಳಿಸಿ ಎಂಜಿನನ್ನು ನಡೆಸಿದನು. ಮೋಟುಇಹೆ ಎಂಬ ಸಣ್ಣ ದ್ವೀಪದ ಬಳಿಗೆ ಬರುವಾಗ ವಿಪತ್ತು ಒದಗಿತು. ದೋಣಿಯ ಮೂತಿಯು ಅಲೆಯ ಗುಂಡಿಗೆ ಇಳಿದಾಗಲೆಲ್ಲ ಹಿಂಬದಿಯು ಮೇಲಕ್ಕೆ ಎದ್ದಿತು. ಎಂಜಿನಿನ ಚಕ್ರವು ನೀರಿನಿಂದ ಹೊರಬಂದು ಗಾಳಿಯಲ್ಲಿ ಕಿರುಚಿತು. ಪುನಃ ನೀರು ಸಿಕ್ಕಿದಾಗ ನೊರೆಯನ್ನು ಕಡೆಯಿತೇ ಹೊರತು ದೋಣಿಯನ್ನು ನೂಕಲಿಲ್ಲ. ಹೀಗೆ ಹತ್ತು ನಿಮಿಷಗಳಾಗುವಷ್ಟರಲ್ಲಿ ಎಂಜಿನನ್ನು ತಂಪುಮಾಡುವ ನೀರು ನಿಂತು, ಎಚ್ಚರಿಕೆಯ ಗಂಟೆ ಬಾರಿಸಿ, ಎಂಜಿನು ತಾನಾಗಿಯೇ ನಿಂತಿತು.

ನಮ್ಮ ಹಿಂದೆ ದ್ವೀಪದ ಬಂಡೆಗಳು. ಗಾಳಿಯು ನಮ್ಮನ್ನು ಅವುಗಳ ಕಡೆಗೇ ಒಯ್ಯುತ್ತಿದ್ದಿತು. ಶಿಷ್ಯನು ಮೂರು ಸಾರಿ ಎಂಜಿನನ್ನು ಹೊರಡಿಸಲು ಯತ್ನಿಸಿ ಬೆವರಿದನು. ಅಷ್ಟರಲ್ಲಿ ಆತನ ಪತ್ನಿಯು ಏನನ್ನೂ ಕೇಳದೆ ಮುಂಬದಿಗೆ ಹೋಗಿ ಲಂಗರನ್ನು ಬಿಟ್ಟಳು. ಸರಪಳಿಯು ಗಡಗಡನೆ ಓಡಿತು, ಹಗ್ಗವು ಬಿಗಿಯಿತು, ದೋಣಿಯು ಮುಖವನ್ನು ಗಾಳಿಗೆ ತಿರುಗಿಸಿ ನಿಂತಿತು. ಬಂಡೆಗಳಿಗೂ ನಮಗೂ ನಡುವೆ ಉಳಿದಿದ್ದ ನೀರು ನಮ್ಮ ಹಳೆಯ ಶಾಲೆಯ ಆಟದ ಮೈದಾನದಷ್ಟು. ಮಗುವು ನಮ್ಮ ಕೈಯನ್ನು ಹಿಡಿದುಕೊಂಡಿತ್ತು, ಅದು ಅಳಲಿಲ್ಲ. ಧೈರ್ಯ ಹೇಳಬೇಕಾದ ನಮಗೇ ನಾಲಗೆ ಒಣಗಿತ್ತೆಂಬುದನ್ನು ಮುಚ್ಚಿಡುವುದೇಕೆ? ಎರಡು ಗಂಟೆಗಳ ಬಳಿಕ ನೀರಿನ ಓಟವು ನಿಂತು ಅಲೆಗಳು ತಗ್ಗಿದುವು. ಸಣ್ಣದಾಗಿ ಹಾಯಿ ಕಟ್ಟಿ, ದಕ್ಷಿಣದ ತೀರದ ಮರೆಯನ್ನು ಸೇರಿ, ತಣ್ಣಗಾದ ಎಂಜಿನನ್ನು ಮೆಲ್ಲನೆ ನಡೆಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ನೆಲೆಗೆ ಬಂದೆವು.

ಅಂದಿನ ರಾತ್ರಿ ಊಟದ ಮೇಜಿನ ಮೇಲೆ ವಾದವು ಪುನಃ ಹುಟ್ಟಿತು. ಶಿಷ್ಯನ ಮತವೆಂದರೆ, ನಲವತ್ತು ಅಶ್ವಶಕ್ತಿ ಸಾಲದೆ ಹೋಯಿತು, ಅರವತ್ತು ಬೇಕು. ಆತನ ಪತ್ನಿಯ ಮತವೆಂದರೆ, ಪೆಟ್ರೋಲಿನ ಸಹವಾಸವೇ ಬೇಡ, ಒಡಲಿನೊಳಗೆ ಎರಡು ಡೀಸೆಲ್ ಎಂಜಿನುಗಳನ್ನು ಕೂರಿಸಬೇಕು, ಇಲ್ಲವಾದರೆ ದೋಣಿಯನ್ನೇ ಮಾರಬೇಕು. "ನಮ್ಮ ಮೇಷ್ಟ್ರು ಹೇಳಲಿ" ಎಂದು ಇಬ್ಬರೂ ನಮ್ಮ ಕಡೆ ತಿರುಗಿದರು. ವ್ಯಾಕರಣದಲ್ಲಿ ತೀರ್ಪು ಕೊಡಬಲ್ಲೆವು, ಎಂಜಿನಿನಲ್ಲಿ ಆಗದು; ತಿಳಿದವರನ್ನು ಕೇಳೋಣವೆಂದೆವು.

ಬಂದರಿನ ಹಿನ್ನೀರಿನ ಕಡೆ ಒಂದು ದೋಣಿಕಟ್ಟೆಯಲ್ಲಿ ಎಪ್ಪತ್ತು ದಾಟಿದ ವೃದ್ಧ ಶಿಲ್ಪಿಯೊಬ್ಬನಿದ್ದನು. ಆತನು ನಮ್ಮ ಕಥೆಯನ್ನು ಕೇಳಿ, ಎಂಜಿನನ್ನು ನೋಡದೆ, ಮೊದಲು ದೋಣಿಯ ಹಿಂಬದಿಯಿಂದ ಮುಂಬದಿಗೆ ನಡೆದು ನೋಡಿದನು. ಬಳಿಕ ಒಂದು ಹಲಗೆಯ ತುಂಡನ್ನು ಬೆರಳಿನ ಮೇಲೆ ತೂಗಿಸಿ, ಅದರ ತುದಿಗಳು ಎಷ್ಟು ಏಳುವುವೆಂಬುದನ್ನೂ ನಡುವು ಎಷ್ಟು ಸ್ಥಿರವೆಂಬುದನ್ನೂ ತೋರಿಸಿದನು. ನಿಮ್ಮ ಎಂಜಿನಿಗೆ ಬಲ ಕಡಿಮೆಯಾದುದಲ್ಲ, ನೀರು ಕಡಿಮೆಯಾಯಿತು, ಎಂಬುದೇ ಆತನ ಮಾತಿನ ಸಾರ. ಅದೇ ಸ್ಥಳದಲ್ಲಿ ಅರವತ್ತನ್ನು ಕಟ್ಟಿದರೂ ಅದು ಇನ್ನೂ ಜೋರಾಗಿ ಕಿರುಚುವುದೇ ಹೊರತು ಬೇರೆ ಫಲವಿಲ್ಲ.

ಆತನು ಹೇಳಿದ ಲೆಕ್ಕವನ್ನು ನಾವು ಕಾಗದದ ಮೇಲೆ ಮಾಡಿ ನೋಡಿದೆವು. ದೋಣಿಯು ನೀರಿಗೆ ತಗಲುವ ಉದ್ದವು ೩೬ ಅಡಿ. ಅದರ ವರ್ಗಮೂಲ ೬. ಅದನ್ನು ೧.೩೪ರಿಂದ ಗುಣಿಸಿದರೆ ಎಂಟು. ಸಾಮಾನ್ಯ ದೋಣಿಯು ಗಂಟೆಗೆ ಎಂಟು ಕಡಲಮೈಲಿಗಳ ವೇಗಕ್ಕೆ ಬಂದಾಗ ತಾನೆಬ್ಬಿಸಿದ ಅಲೆಯೊಳಗೇ ಸಿಕ್ಕಿಕೊಳ್ಳುವುದು. ತೆಳುವಾದ ಜೋಡುದೋಣಿಯು ಹಾಯಿಯ ಬಲದಿಂದ ಆ ಮಿತಿಯನ್ನು ಮೀರಬಲ್ಲುದಾದರೂ, ಎಂಜಿನಿನಿಂದ ನಮಗೆ ಬೇಕಾದುದು ಆರು ಮೈಲಿ ಮಾತ್ರ. ಈಗ ಚಕ್ರದ ಲೆಕ್ಕ. ಎಂಜಿನು ನಿಮಿಷಕ್ಕೆ ೫೦೦೦ ಸುತ್ತು ತಿರುಗುವುದೆಂದೂ, ಹಲ್ಲಿನ ಗಾಲಿಗಳು ಅದನ್ನು ಅರ್ಧಕ್ಕೆ ಇಳಿಸುವುವೆಂದೂ, ಚಕ್ರವು ಒಂದು ಸುತ್ತಿಗೆ ೯ ಅಂಗುಲ ಮುಂದೆ ಕೊರೆಯುವುದೆಂದೂ ಇಟ್ಟುಕೊಂಡರೆ, ಅದು ಗಂಟೆಗೆ ಹದಿನೆಂಟು ಕಡಲಮೈಲಿಗಳಿಗಿಂತ ಹೆಚ್ಚು ಓಡಲು ಹವಣಿಸುವುದು. ಭಾರವಾದ ದೋಣಿಯು ಆರರಲ್ಲಿಯೇ ಹೋಗುವುದರಿಂದ ಉಳಿದ ಶ್ರಮವೆಲ್ಲ ನೀರನ್ನು ಕಲಕುವುದರಲ್ಲಿಯೇ ಕಳೆಯುವುದು. ಗಾಲಿಗಳು ಸುತ್ತನ್ನು ಮೂರನೆಯ ಒಂದು ಪಾಲಿಗೆ ಇಳಿಸಿದರೆ ಆ ಓಟವು ಹನ್ನೆರಡಕ್ಕೆ ಇಳಿಯುವುದು. ಆಗ ಅದೇ ಬಲದಿಂದ ಹೆಚ್ಚು ಅಗಲವಾದ ಚಕ್ರವನ್ನು ತಿರುಗಿಸಬಹುದು. ಅಗಲವಾದ ಚಕ್ರವು ಹೆಚ್ಚು ನೀರನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ಓಡುವ ಕುದುರೆಗೂ ನೇಗಿಲೆಳೆಯುವ ಎತ್ತಿಗೂ ಇರುವ ಭೇದವೇ ಇದು. ನೂಕುಬಲ ಹೆಚ್ಚಿದ ಎಂಜಿನುಗಳೆಂದು ಇಂತಹವನ್ನು ಬೇರೆಯಾಗಿಯೇ ಮಾರುವರು.

ಹಾಗಾದರೆ ಡೀಸೆಲ್ ಏಕೆ ಬೇಡ? ಶಿಲ್ಪಿಯು ಅದನ್ನು ಹಳಿಯಲಿಲ್ಲ. ಡೀಸೆಲ್ಲಿಗೆ ಬೆಂಕಿಯ ಭಯ ಕಡಿಮೆ; ಎಣ್ಣೆಯ ಖರ್ಚೂ ಕಡಿಮೆ; ಅದರ ಚಕ್ರವು ಒಡಲಿನ ಕೆಳಗೇ ಇರುವುದರಿಂದ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಆದರೆ ಹಲ್ಲಿನ ಗಾಲಿಗಳೊಡನೆ ಒಂದೊಂದೂ ನೂರು ಕಿಲೋಗ್ರಾಮಿಗೆ ಮೀರಿ ತೂಗುವುದು. ತೆಳುವಾದ ಒಡಲಿನ ಹಿಂಬದಿಯಲ್ಲಿ ಅಷ್ಟು ಭಾರವನ್ನಿಟ್ಟರೆ ಜೋಡುದೋಣಿಯ ಹಗುರತನವೆಂಬ ಗುಣವೇ ಹಾಳು. ಹಲಗೆಯನ್ನು ಕೊರೆಯಬೇಕು, ಬೆಲೆಯೂ ಬಹಳ. ಹೆಚ್ಚು ಭಾರವಾದ, ದೂರದ ಪಯಣದ ದೋಣಿಗೆ ಡೀಸೆಲ್ಲೇ ಸರಿ, ಈ ದೋಣಿಗಲ್ಲ. ವಿದ್ಯುತ್ತಿನ ಎಂಜಿನನ್ನೂ ವಿಚಾರಿಸಿದೆವು. ಅದು ಸದ್ದಿಲ್ಲದುದು, ಶುಚಿಯಾದುದು, ಬಂದರಿನೊಳಗೆ ಬಲು ಚೆನ್ನ; ಆದರೆ ಎದುರುಗಾಳಿಯಲ್ಲಿ ಗಂಟೆಗಟ್ಟಲೆ ದುಡಿಯಬೇಕಾದರೆ ಬ್ಯಾಟರಿಯ ಭಾರವೂ ಬೆಲೆಯೂ ಕೈಮೀರುವುವು.

ಕೊನೆಗೆ ಶಿಲ್ಪಿಯು ಸೂಚಿಸಿದುದು ಇದು. ಸುಮಾರು ಹತ್ತು ಅಶ್ವಶಕ್ತಿಯ, ನೂಕುಬಲ ಹೆಚ್ಚಿದ ಎರಡು ಹೊರ ಎಂಜಿನುಗಳು. ಒಂದೊಂದರ ತೂಕವು ಸುಮಾರು ಐವತ್ತು ಕಿಲೋಗ್ರಾಮು. ಎರಡೂ ಸೇರಿ ಹಳೆಯ ಒಂದು ಎಂಜಿನಿನಷ್ಟೇ. ಟನ್ನಿಗೆ ಐದು ಅಶ್ವಶಕ್ತಿಯಂತೆ ನಾಲ್ಕು ಟನ್ನಿಗೆ ಇಪ್ಪತ್ತು ಸಾಕು. ಎಂಜಿನುಗಳ ಕಾಲು ಗಿಡ್ಡವಾಗಿರಬಾರದು. ೧೫, ೨೦, ೨೫ ಅಂಗುಲಗಳ ಮೂರು ಅಳತೆಗಳಲ್ಲಿ ೨೫ರದನ್ನೇ ಕೊಳ್ಳಬೇಕು. ಅವುಗಳನ್ನು ಹಿಂಬದಿಯ ತೊಲೆಗಲ್ಲ, ದೋಣಿಯ ನಡುವಿಗೆ ಹತ್ತಿರವಾದ ತೊಲೆಯ ಹಿಂದೆ, ಒಂದೊಂದು ಒಡಲಿನ ಒಳಮಗ್ಗುಲಿಗೆ ಒಂದೊಂದರಂತೆ ಕಟ್ಟಬೇಕು. ಅಲ್ಲಿ ಅಲೆಯ ಏರಿಳಿತ ಕಡಿಮೆ. ಎರಡೂ ದೂರದೂರವಾಗಿರುವುದರಿಂದ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನಡೆಸಿದರೆ ದೋಣಿಯು ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು.

ಈ ಕಡೆಯ ಮಾತನ್ನು ಕೇಳುವಾಗ ಗೃಹಿಣಿಯು ಒಂದು ಪ್ರಶ್ನೆ ಹಾಕಿದಳು: "ಎರಡು ಎಂಜಿನಿಗೂ ಎಣ್ಣೆ ಒಂದೇ ಡಬ್ಬದಿಂದ ಬಂದರೆ, ಆ ಎಣ್ಣೆಯಲ್ಲಿ ನೀರು ಸೇರಿದರೆ, ಎರಡೂ ನಿಲ್ಲುವುದಿಲ್ಲವೆ?" ವೃದ್ಧನು ಟೋಪಿ ತೆಗೆದು ಆಕೆಗೆ ತಲೆಬಾಗಿದನು. ಎಣ್ಣೆಯ ಡಬ್ಬ, ಸೋಸುವ ಪಾತ್ರೆ, ಬ್ಯಾಟರಿ, ಎಲ್ಲವೂ ಬೇರೆಬೇರೆಯಾಗಿರಬೇಕು. ಇಲ್ಲವಾದರೆ ಎರಡೆಂಬುದು ಹೆಸರಿಗೆ ಮಾತ್ರವೆಂದು ಒಪ್ಪಿಕೊಂಡನು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಲ್ಲುವುದರಿಂದ, ಡಬ್ಬಗಳನ್ನು ಮಲಗುವ ಒಡಲಿನೊಳಗೆ ಎಂದಿಗೂ ಇಡಕೂಡದು. ನಡುವಣ ತೆರೆದ ಜಗುಲಿಯ ಮೇಲಿಟ್ಟರೆ ಆವಿಯು ಸಂದಿನಿಂದ ಕಡಲಿಗೆ ಜಾರಿಹೋಗುವುದು. ಪೂರ್ಣ ಬಲದಲ್ಲಿ ಒಂದು ಎಂಜಿನಿಗೆ ಗಂಟೆಗೆ ಸುಮಾರು ನಾಲ್ಕು ಲೀಟರು ಬೇಕು. ಕಡಲು ಶಾಂತವಾಗಿದ್ದಾಗ ಒಂದನ್ನು ಮೇಲೆತ್ತಿ ಇನ್ನೊಂದರಿಂದಲೇ ಸಾವಕಾಶವಾಗಿ ಹೋದರೆ ಖರ್ಚು ಇಳಿಯುವುದು. ಕೆಲಸ ಮುಗಿದ ಮೇಲೆ ಎಂಜಿನನ್ನು ನೀರಿನಿಂದ ಎತ್ತಿಡಬೇಕು. ಸಿಹಿನೀರಿನಿಂದ ಒಳಗಿನ ಉಪ್ಪನ್ನು ತೊಳೆಯಬೇಕು. ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ಸವೆಯುವ ಸತುವಿನ ತುಂಡುಗಳನ್ನು ಕಾಲಕಾಲಕ್ಕೆ ಬದಲಿಸಬೇಕು.

ಶಿಷ್ಯನು ಅಲ್ಲಿ ಏನನ್ನೂ ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ಪೂರ್ವಿಕರು ಎಂಜಿನಿಲ್ಲದೆ ಮಹಾಸಾಗರವನ್ನು ದಾಟಿದರು, ನಾನು ಒಂದು ಕೊಲ್ಲಿಯನ್ನು ದಾಟಲು ಇಪ್ಪತ್ತು ಕುದುರೆಗಳನ್ನು ಕಟ್ಟುತ್ತಿದ್ದೇನೆ" ಎಂದನು. ಆ ಮಾತಿನಲ್ಲಿ ನಾಚಿಕೆಯಿದ್ದಿತು. ಅದಕ್ಕೆ ಆತನ ಪತ್ನಿಯು, "ಅವರಿಗೆ ಸೋಮವಾರ ಬೆಳಿಗ್ಗೆ ಆಫೀಸು ಇರಲಿಲ್ಲ. ಅಂದು ನಮಗೆ ಎಂಜಿನು ಕಡಿಮೆಯಾದುದಲ್ಲ, ಕಾಯುವ ತಾಳ್ಮೆ ಕಡಿಮೆಯಾಯಿತು. ಹಾಯಿಯನ್ನು ಇಳಿಸದೆ ಇದ್ದಿದ್ದರೆ ಬಂಡೆಯ ಹತ್ತಿರ ಹೋಗುತ್ತಿರಲಿಲ್ಲ" ಎಂದಳು. ಶಿಷ್ಯನು ಅದನ್ನು ಒಪ್ಪಿದನು. ದೋಣಿಯನ್ನು ಮಾರುವ ಮಾತು ಅಂದಿಗೆ ನಿಂತಿತು. ಆಕೆಯು ಎರಡು ಷರತ್ತುಗಳನ್ನು ಹಾಕಿದಳು: ಹೊತ್ತಾಯಿತೆಂಬ ಕಾರಣದಿಂದ ಹಾಯಿ ಇಳಿಸಕೂಡದು; ಎಂಜಿನನ್ನು ನಡೆಸಲು ತನಗೂ ಕಲಿಸಬೇಕು.

ನಾವು ಊರಿಗೆ ಹೊರಡುವ ಹಿಂದಿನ ಭಾನುವಾರ ಹೊಸ ಎಂಜಿನುಗಳ ಪರೀಕ್ಷೆ ನಡೆಯಿತು. ಚುಕ್ಕಾಣಿಯ ಬಳಿ ನಿಂತವಳು ಗೃಹಿಣಿ. ದೋಣಿನೆಲೆಯ ಇಕ್ಕಟ್ಟಾದ ಓಣಿಯಲ್ಲಿ ಎರಡು ಕೈಗಳಿಂದ ಎರಡು ಹಿಡಿಗಳನ್ನು ಹಿಡಿದು, ಒಂದನ್ನು ಮುಂದಕ್ಕೂ ಒಂದನ್ನು ಹಿಂದಕ್ಕೂ ತಳ್ಳಿ, ೩೮ ಅಡಿಯ ದೋಣಿಯನ್ನು ನಿಂತ ಜಾಗದಲ್ಲಿಯೇ ತಿರುಗಿಸಿದಳು. ಶಿಷ್ಯನು ಮುಂಬದಿಯಲ್ಲಿ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದನು. ಸೇತುವೆಯ ಕೆಳಗಿನಿಂದ ಹೊರಟು, ಗಾಳಿ ಸಿಕ್ಕುವ ಕಡೆಗೆ ಬಂದಾಗ, ಆಕೆಯು ಎಡದ ಎಂಜಿನನ್ನು ನಿಲ್ಲಿಸಿ ಪರೀಕ್ಷಿಸಿದಳು. ಬಲದ್ದು ಒಂದೇ ದೋಣಿಯನ್ನು ನೆಮ್ಮದಿಯಾಗಿ ಒಯ್ದಿತು. ಬಳಿಕ ಅದನ್ನು ನಡೆಸಿ, ಎಡದ್ದು ಸರಿಯೇ ಎಂಬುದನ್ನೂ ನೋಡಿಕೊಂಡಳು.

ಆಮೇಲೆ ಹಾಯಿಗಳು ಏರಿದುವು. ಎರಡು ಎಂಜಿನುಗಳನ್ನೂ ನಿಲ್ಲಿಸಿ ಮೇಲೆತ್ತಿದರು. ಸದ್ದು ಅಡಗಿದ ಮೇಲೆ ಒಡಲುಗಳ ನಡುವೆ ನೀರು ಹರಿಯುವ ಶಬ್ದವೊಂದೇ ಕೇಳಿಸುತ್ತಿದ್ದಿತು. ರಂಗಿಟೋಟೋ ಬೆಟ್ಟವು ಬಲಗಡೆಯಲ್ಲಿ ಮೆಲ್ಲನೆ ಹಿಂದಕ್ಕೆ ಸರಿಯಿತು. ಮಗುವು ಬಂದು, "ತಾತಾ, ಈಗ ಎಂಜಿನು ಬೇಡವಾದರೆ ಅಷ್ಟು ದುಡ್ಡು ಕೊಟ್ಟು ಏಕೆ ತಂದರು?" ಎಂದು ಕೇಳಿತು. ಮನೆಯಲ್ಲಿ ಔಷಧದ ಪೆಟ್ಟಿಗೆ ಇರುವುದು ದಿನವೂ ಕುಡಿಯುವುದಕ್ಕಲ್ಲವಷ್ಟೆ, ಎಂದೆವು. ಅದು ಸ್ವಲ್ಪ ಹೊತ್ತು ಯೋಚಿಸಿ, ಲಂಗರಿನ ಹಗ್ಗವು ಸರಿಯಾಗಿ ಸುತ್ತಿದೆಯೋ ಎಂದು ನೋಡಿಬರಲು ತಾಯಿಯೊಡನೆ ಮುಂಬದಿಗೆ ಹೋಯಿತು.